ಬೆಳಕಿಂಡಿ ಇಲ್ಲದ ಬಾಣಂತಿ ಕೋಣೆ

ಬಿ.ಟಿ.ಎಂ. ಲೇಔಟ್, ಬೆಂಗಳೂರು
೧೪-೧೨-೧೯೯೮

ತಂಗಿ ಕೆಂಚವ್ವನಿಗೆ ಅಕ್ಕನ ಆಶೀರ್ವಾದ. ನನ್ನ ಅನ್ನಪೂರ್ಣಳ ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ.

ಈ ಬಾಡಿಗೆ ಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಬಾಣಂತಿಗೆ ಗಾಳಿ ತಾಗಬಾರದೆಂದು ನಾನು ಆ ಕಿಟಕಿಯನ್ನೂ ಮುಚ್ಚಿಸಿದೆ. ಅವಳಿಗೆ ನಿದ್ದೆ ಬಾರದಾಯಿತು, ಊಟ ಸೇರದಾಯಿತು, ಸುಮ್ಮಸುಮ್ಮನೆ ಅಳತೊಡಗಿದಳು. ಹೋದ ವಾರ, "ಅವ್ವಾ, ಈಗ ಮುಂಜಾನಿನೋ ಸಂಜಿನೋ?" ಎಂದು ಕೇಳಿದಳು. ಊರಲ್ಲಿ ನಮ್ಮ ಬಾಣಂತಿ ಕೋಣೆಗೆ ಕಿಟಕಿ ಇಲ್ಲದಿದ್ದರೂ ಮಾಳಿಗೆಯ ಬೆಳಕಿಂಡಿಯಿಂದ ದಿನವೂ ಬಿಸಿಲು ಇಳಿದು ಹಾಸಿಗೆಯ ತನಕ ಬರುತ್ತಿತ್ತಲ್ಲ, ಅದು ಆಗ ನೆನಪಾಯಿತು.

ಇಲ್ಲಿ ಬಿಸಿಲು ತಾರಸಿಯ ಮೇಲೆ ಮಾತ್ರ, ಅದರ ಬೀಗ ಮನೆಯ ಒಡತಿ ಮಂಗಮ್ಮನದು. ಯಾರ ಬಾಗಿಲಿಗೂ ಹೋಗಿ ಕೇಳಿದವಳಲ್ಲ ನಾನು. ಹೋಗಿ ಕೇಳಿದೆ. "ಬಿಸಿಲಿಗೂ ಪರ್ಮಿಷನ್ ಕೇಳ್ತೀರಲ್ಲ ಅಮ್ಮ! ತಗೊಳ್ಳಿ, ಆದ್ರೆ ನನ್ ಅವರೆಕಾಳು ತುಳೀಬೇಡಿ" ಎಂದು ಕೀಲಿಕೈ ಕೊಟ್ಟಳು.

ಈಗ ದಿನಾ ಬೆಳಿಗ್ಗೆ ಮಗಳ ಕಿವಿಗೆ ಬಟ್ಟೆ ಕಟ್ಟಿ, ತಾಯಿ ಕೂಸು ಇಬ್ಬರನ್ನೂ ಎಳೆಬಿಸಿಲಿಗೆ ಕೂಡಿಸುತ್ತೇನೆ. ನಿನ್ನೆ ಅವಳು ನಿದ್ದೆ ಮಾಡಿದಳು. ನನಗೆ ಮಾತ್ರ ಇಲ್ಲಿ ಇನ್ನೂ ನಿದ್ದೆ ಹತ್ತುವುದಿಲ್ಲ.

ಮೊಣಕಾಲು ನೋಯುತ್ತದೆ, ಆದರೂ ಮೆಟ್ಟಿಲು ಹತ್ತುತ್ತೇನೆ. ಬಾಣಂತಿಯ ಉಂಡಿಗೆ ಹಾಕುವ ಅಳವಿ ಬೀಜ ಮುಗಿದಿದೆ, ಬರುವವರ ಕೈಯಲ್ಲಿ ಕಳಿಸು. ನಮ್ಮ ಮನೆಯ ಕೀಲಿಕೈ ನಿನ್ನ ಹತ್ತಿರ ಇದೆಯಲ್ಲ, ಮಾಳಿಗೆ ಹತ್ತಿ ಬೆಳಕಿಂಡಿಯ ಗಾಜು ಒರೆಸು. ನಾನಿಲ್ಲದಿದ್ದರೂ ಬಿಸಿಲು ಒಳಗೆ ಬರುತ್ತಿರಲಿ.

ಕಾರ್ಡು ತುಂಬಿತು.
ಗೌರವ್ವ