ಕೂತ ಹುಡುಗಿಯ ಚುರುಕುತನಕ್ಕೆ ಮೂರು ಅಂಕ

(ಕ್ರೀಡಾ ವಸತಿ ನಿಲಯದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ)

ಹೊನ್ನೂರು, ಯಳಂದೂರು ತಾಲ್ಲೂಕು
ಮೇ 1999

ಚುರುಕುತನವನ್ನು ಕೂರಿಸಿಯೇ ಅಳೆಯಬಲ್ಲ ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ಕೊಳ್ಳೇಗಾಲದ ಮೈದಾನದಲ್ಲಿ ತಾವು ನಡೆಸಿದ ಆಯ್ಕೆಯಲ್ಲಿ ನನ್ನ ಅಕ್ಕನ ಮಗಳು ನಾಗಶ್ರೀಗೆ ಓಟದ ವೇಗಕ್ಕೆ ಇಪ್ಪತ್ತಕ್ಕೆ ನಾಲ್ಕು, ಚುರುಕುತನಕ್ಕೆ ಇಪ್ಪತ್ತಕ್ಕೆ ಮೂರು ಅಂಕ ಕೊಟ್ಟಿದ್ದೀರಿ. ವೇಗದ ನಾಲ್ಕರಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ, ಅದನ್ನು ಮುಂದೆ ಹೇಳುತ್ತೇನೆ. ಚುರುಕುತನದ ಮೂರು ಮಾತ್ರ ಪೂರ್ತಿ ತಮ್ಮದೇ. ಆ ಅಂಕ ಬರೆದುಕೊಳ್ಳುವಾಗ ಹುಡುಗಿ ಓಡುತ್ತಿರಲಿಲ್ಲ, ನಡೆಯುತ್ತಿರಲಿಲ್ಲ, ನಿಂತೂ ಇರಲಿಲ್ಲ. ನೆಲದ ಮೇಲೆ ಕೂತಿದ್ದಳು. ಅದೂ ತಮಗೆ ಬೆನ್ನು ಮಾಡಿ ಕೂತಿದ್ದಳು. ಬೆನ್ನು ನೋಡಿ ಕಾಲಿನ ಚುರುಕು ಹೇಳುವ ವಿದ್ಯೆ ನಮ್ಮ ಕಡೆಯ ಯಾರಿಗೂ ಬಾರದು. ಇಲ್ಲಿ ಸಂತೆಯಲ್ಲಿ ಎತ್ತು ಕೊಳ್ಳುವವರು ಸಹ ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಮಲಗಿದ ಎತ್ತನ್ನು ನೋಡಿ ಯಾರೂ ಮುಂಗಡ ಕೊಟ್ಟಿದ್ದು ನಾನು ಕಂಡಿಲ್ಲ.

ನಾನು ಯಾರು ಎಂದು ತಾವು ಕೇಳಬಹುದು. ಅಂದೇ ಕೇಳಿದ್ದಿರಿ. ನನಗೆ ಯಾವ ಸರ್ಟಿಫಿಕೇಟೂ ಇಲ್ಲ. ಎರಡೂವರೆ ಎಕರೆ ಭತ್ತ, ಮುಕ್ಕಾಲು ಎಕರೆ ಕಬ್ಬು ಬೆಳೆಯುವ ರೈತ. ಯಳಂದೂರಿನಲ್ಲಿ ಪಿಯುಸಿ ಓದುವಾಗ, ಎಂಬತ್ತನಾಲ್ಕರಲ್ಲಿ, ಕಾಲೇಜು ತಂಡದಲ್ಲಿ ಖೋ ಖೋ ಆಡಿದ್ದೆ. ಓದು ಮರೆತುಹೋಯಿತು, ಆಟ ಮರೆಯಲಿಲ್ಲ. ಐದು ವರ್ಷದಿಂದ ಊರಿನ ಹೆಣ್ಣುಮಕ್ಕಳಿಗೆ ನಮ್ಮ ಕಣದಲ್ಲಿ ಖೋ ಖೋ ಹೇಳಿಕೊಡುತ್ತಿದ್ದೇನೆ. ನಮಗೆ ಮೈದಾನವಿಲ್ಲ. ಸುಗ್ಗಿ ಮುಗಿದು ಒಕ್ಕಣೆಯಾದ ಮೇಲೆ ಕಣ ಖಾಲಿ ಬಿದ್ದಿರುತ್ತದೆ, ಸಗಣಿ ಸಾರಿಸಿ ಗಟ್ಟಿಯಾದ ನೆಲ, ನಡುವೆ ಎತ್ತು ತಿರುಗಿಸಲು ನೆಟ್ಟ ಮೇಟಿಗಂಬ. ಆ ಕಂಬಕ್ಕೆ ಜೊತೆಯಾಗಿ ಅಂಚಿನಲ್ಲಿ ಇನ್ನೊಂದು ಗೂಟ ಹೂಳಿದರೆ ನಮ್ಮ ಅಂಕಣ ಸಿದ್ಧ. ಅಳತೆ ನಿಯಮಕ್ಕಿಂತ ಬಹಳ ಚಿಕ್ಕದು, ಗೊತ್ತು. ಹದಿನೈದು ಹೆಜ್ಜೆ ಹಾಕುವಷ್ಟರಲ್ಲಿ ಕಂಬ ಎದುರಾಗುತ್ತದೆ. ಹಾಗಾಗಿ ನಮ್ಮ ಮಕ್ಕಳಿಗೆ ಉದ್ದ ಓಡುವುದಕ್ಕಿಂತ ತಿರುಗುವುದು ಚೆನ್ನಾಗಿ ಬರುತ್ತದೆ. ಸಾರಿಸಿದ ನೆಲದಲ್ಲಿ ಒಂದು ಹೆಜ್ಜೆ ಹೆಚ್ಚು ಕಡಿಮೆಯಾದರೂ ಜಾರಿ ಬೀಳುತ್ತಾರೆ, ಮೊಣಕೈ ತರಚುತ್ತದೆ. ನಾಗಶ್ರೀಯ ಮೊಣಕೈಯ ಗಾಯ ಮಾಸಿ ಮೂರು ವರ್ಷವಾಯಿತು, ಹೊಸ ಗಾಯ ಆಗಿಲ್ಲ.

ಈ ಹುಡುಗಿ ಕಳೆದ ಡಿಸೆಂಬರಿನಲ್ಲಿ ಯಳಂದೂರಿನ ಶಾಲಾ ಪಂದ್ಯದಲ್ಲಿ ಎದುರಾಳಿಗಳ ಕೈಗೆ ಸಿಗದೆ ಐದೂವರೆ ನಿಮಿಷ ಓಡಿದ್ದಾಳೆ. ಅಟ್ಟಿಸಿಕೊಂಡು ಬಂದವರು ಒಬ್ಬಿಬ್ಬರಲ್ಲ, ಕೂತವರೂ ಸೇರಿ ಒಂಬತ್ತು ಜನ. ಸಾಲಿನಲ್ಲಿ ಕೂತವರ ಸಂದಿಯಲ್ಲಿ ನುಸುಳುತ್ತ, ಬಲಕ್ಕೆ ಹೋಗುವಂತೆ ಭುಜ ತೋರಿಸಿ ಎಡಕ್ಕೆ ಜಾರಿಕೊಳ್ಳುತ್ತ, ಎದುರಾಳಿ ತಂಡದ ಮೇಷ್ಟ್ರೇ ಕೊನೆಗೆ ಚಪ್ಪಾಳೆ ತಟ್ಟುವ ಹಾಗೆ ಆಡಿದಳು. ಮೂರು ಅಂಕದ ಚುರುಕಿನವಳನ್ನು ಒಂಬತ್ತು ಜನ ಐದೂವರೆ ನಿಮಿಷ ಹಿಡಿಯಲಾಗಲಿಲ್ಲ ಎಂದರೆ ತಮ್ಮ ಲೆಕ್ಕದಲ್ಲಿ ಆ ಒಂಬತ್ತು ಜನಕ್ಕೆ ಎಷ್ಟು ಅಂಕ ಬರುತ್ತದೆ? ಸೊನ್ನೆಗಿಂತ ಕೆಳಗೆ ಬರೆಯಲು ತಮ್ಮ ನಮೂನೆಯಲ್ಲಿ ಕಾಲಂ ಇದೆಯೇ?

ಇರಲಿ, ಆಯ್ಕೆಯ ದಿನಕ್ಕೆ ಬರುತ್ತೇನೆ. ನಾನು, ನನ್ನ ಅಕ್ಕ ಮಹಾದೇವಮ್ಮ, ನಾಗಶ್ರೀ, ಮೂವರೂ ಮೊದಲ ಬಸ್ಸಿಗೆ ಹೊರಟು ಎಂಟಕ್ಕೇ ಮೈದಾನದಲ್ಲಿದ್ದೆವು. ತಾವು ಹತ್ತೂವರೆಗೆ ಬಂದಿರಿ. ಬಂದವರೇ ಬಿಸಿಲು ನೋಡಿ ಮಕ್ಕಳಿಗೆಲ್ಲ ಮಜ್ಜಿಗೆ ಕೊಡಿಸಿದಿರಿ. ಅದನ್ನು ನಾನು ಮರೆತಿಲ್ಲ. ಅಲ್ಲಿದ್ದ ನಲವತ್ತೆರಡು ಹುಡುಗಿಯರಲ್ಲಿ ಒಬ್ಬಳೂ ಮರೆತಿರಲಾರಳು. ಮೊದಲಿಗೆ ನೂರು ಮೀಟರ್ ಓಟ. ನನ್ನ ತಪ್ಪು ಇರುವುದು ಇಲ್ಲೇ.

ಖೋ ಖೋದಲ್ಲಿ ಕೂತವರು ತಾವಾಗಿ ಏಳುವಂತಿಲ್ಲ. ಅಟ್ಟುವವಳು ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು, ಆಮೇಲೆ ಏಳಬೇಕು. ಮುಟ್ಟುವ ಮೊದಲೇ ಎದ್ದರೆ ತಪ್ಪು. ಐದು ವರ್ಷ ನಾನು ಈ ಮಕ್ಕಳಿಗೆ ಬೈದಿದ್ದೆಲ್ಲ ಇದೊಂದಕ್ಕೇ. ಅವಸರಪಟ್ಟು ಎದ್ದವಳನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸಿದ್ದೂ ಉಂಟು. ಗೆರೆಯ ಮೇಲೆ ಬಗ್ಗಿ ಕೂತ ನಾಗಶ್ರೀ ತಮ್ಮ ಸಹಾಯಕರ ಸೀಟಿ ಕೇಳಿದಳು, ಅಕ್ಕಪಕ್ಕದವರು ಚಿಮ್ಮಿದ್ದು ನೋಡಿದಳು, ಮತ್ತು ಅಲ್ಲೇ ಕೂತಿದ್ದಳು. ಬೆನ್ನಿಗೆ ಕೈ ಬೀಳಲಿಲ್ಲವಲ್ಲ. ಕೊನೆಗೆ ಸೀಟಿಯವರು ಹತ್ತಿರ ಬಂದು, ಓಡಮ್ಮ ಎಂದು ಬೆನ್ನು ತಟ್ಟಿದರು. ಆಗ ಹೊರಟಳು ನೋಡಿ. ಮುಂದಿದ್ದ ಏಳು ಜನರಲ್ಲಿ ಮೂವರನ್ನು ಹಿಂದೆ ಹಾಕಿದಳು. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಗುರಿಯ ಗೆರೆಯಲ್ಲಿ ತಾವು ಬಿದಿರಿನ ಕಂಬ ನೆಡಿಸಿದ್ದಿರಿ. ಕಂಬ ಕಂಡರೆ ನಮ್ಮ ಹುಡುಗಿಯರ ಕಾಲು ಕೇಳುತ್ತದೆಯೇ? ಎಡಗೈಯಲ್ಲಿ ಬಿದಿರು ಹಿಡಿದು ಗರಕ್ಕನೆ ಒಂದು ಸುತ್ತು ತಿರುಗಿ, ಬಂದ ದಾರಿಯಲ್ಲೇ ಹತ್ತು ಹೆಜ್ಜೆ ವಾಪಸ್ ಓಡಿದಳು. ಕಂಬಕ್ಕೆ ಕಟ್ಟಿ ಉಳಿದಿದ್ದ ದಾರದ ತುಂಡೂ ಅವಳ ಜೊತೆಗೇ ಬಂತು. ಗಡಿಯಾರ ಹಿಡಿದವರು ನಗುವುದರಲ್ಲಿ ಗುಂಡಿ ಒತ್ತುವುದು ತಡವಾಯಿತು. ಹತ್ತೊಂಬತ್ತು ಸೆಕೆಂಡ್ ಎಂದು ಬರೆದರು.

ಯಾಕವ್ವ ಎದ್ದು ಓಡಲಿಲ್ಲ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: “ಯಾರೂ ಮುಟ್ನೇ ಇಲ್ವಲ್ಲ ಮಾವ, ನಾನ್ ಎಂಗ್ ಏಳ್ಲಿ?” ಸೀಟಿಗೆ ಏಳಬೇಕು ಎಂದು ಹಿಂದಿನ ದಿನ ಒಂದು ಮಾತು ಹೇಳಿಕೊಡಬಹುದಿತ್ತು, ಹೇಳಿರಲಿಲ್ಲ. ಆದ್ದರಿಂದ ಆ ನಾಲ್ಕು ಅಂಕವನ್ನು ನಾನು ತಮ್ಮ ತಲೆಗೆ ಕಟ್ಟುವುದಿಲ್ಲ.

ನಾಗಶ್ರೀಗೂ ನನಗೂ ಧೈರ್ಯ ಇದ್ದದ್ದು ಮಧ್ಯಾಹ್ನದ ಪರೀಕ್ಷೆಯ ಮೇಲೆ. ಚುರುಕುತನದ ಪರೀಕ್ಷೆಗೆ ಹತ್ತು ಮೀಟರ್ ದೂರದಲ್ಲಿ ಮರದ ತುಂಡುಗಳನ್ನಿಟ್ಟು, ಒಂದೊಂದಾಗಿ ಓಡಿ ತಂದು ಈ ಗೆರೆಯಲ್ಲಿ ಇಡಬೇಕು ಎಂದು ತಮ್ಮ ಸುತ್ತೋಲೆಯಲ್ಲೇ ಇತ್ತು. ಓಡು, ಬಗ್ಗು, ತಿರುಗು, ಮತ್ತೆ ಓಡು. ಅವಳಿಗೆಂದೇ ಮಾಡಿದಂಥ ಪರೀಕ್ಷೆ. ಆದರೆ ಮರದ ತುಂಡುಗಳ ಪೆಟ್ಟಿಗೆ ಜೀಪಿನಲ್ಲಿತ್ತು, ಜೀಪು ಊಟ ತರಲು ಹೋಗಿತ್ತು. ಊಟದ ಪಾತ್ರೆಗಳಿಗೆ ಜಾಗ ಸಾಲದೆ ಡ್ರೈವರು ಪೆಟ್ಟಿಗೆಯನ್ನು ಹೋಟೆಲಿನ ಮುಂದೆ ಇಳಿಸಿ ಬಂದಿದ್ದರು. ಒಟ್ಟಿನಲ್ಲಿ ಬಿಸಿಬೇಳೆಬಾತು ಬಂತು, ಚುರುಕುತನ ಬರಲಿಲ್ಲ. ಎದುರಿನ ಅಂಗಡಿಯಿಂದ ನಾಲ್ಕು ತೆಂಗಿನಕಾಯಿ ತರುತ್ತೇನೆ, ತುಂಡುಗಳ ಬದಲು ಅವನ್ನೇ ಇಡಿ ಎಂದು ನಾನು ಕೈಮುಗಿದು ಹೇಳಿದೆ. ಇಲಾಖೆಯ ತುಂಡುಗಳೇ ಆಗಬೇಕು, ತೆಂಗಿನಕಾಯಿಗೆ ಆದೇಶವಿಲ್ಲ ಎಂದರು ತಮ್ಮ ಸಹಾಯಕರು. ಆದೇಶವಿಲ್ಲದೆ ತೆಂಗಿನಕಾಯಿ ಇಡುವಂತಿಲ್ಲ, ಪರೀಕ್ಷೆಯಿಲ್ಲದೆ ಅಂಕ ಇಡಬಹುದು. ಈ ನಿಯಮ ಯಾವ ಪುಸ್ತಕದಲ್ಲಿದೆ ಎಂದು ತಿಳಿಸಿದರೆ ನಮ್ಮ ಊರಿನ ಗ್ರಂಥಾಲಯಕ್ಕೂ ಒಂದು ಪ್ರತಿ ತರಿಸುತ್ತೇವೆ.

ಊಟವಾದ ಮೇಲೆ ತಾವು ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದಿರಿ. ಕೈಯಲ್ಲಿ ನಮೂನೆ ಹಿಡಿದು ಸಾಲಿನ ಉದ್ದಕ್ಕೂ ನಿಧಾನವಾಗಿ ನಡೆದು ಬಂದಿರಿ. ಒಬ್ಬೊಬ್ಬಳನ್ನೂ ಒಂದು ಗಳಿಗೆ ನೋಡಿ ಒಂದು ಅಂಕಿ ಬರೆದಿರಿ. ಎತ್ತರದ ಹುಡುಗಿಯರಿಗೆ ಹದಿನಾರು, ಹದಿನೇಳು. ಆ ಮಕ್ಕಳ ಮೇಲೆ ನನಗೆ ಯಾವ ಬೇಸರವೂ ಇಲ್ಲ, ಚೆನ್ನಾಗಿ ಓದಿ ಆಡಲಿ. ನಾಗಶ್ರೀ ಕೂತಿದ್ದು ಮಾತ್ರ ಬೇರೆ ರೀತಿ. ಖೋ ಖೋದಲ್ಲಿ ಒಬ್ಬಳು ಈ ಕಡೆ ಮುಖ ಮಾಡಿದರೆ ಪಕ್ಕದವಳು ಆ ಕಡೆ ಮುಖ ಮಾಡಬೇಕು. ಸಾಲು ಎಂದರೆ ಅವಳಿಗೆ ಗೊತ್ತಿರುವುದು ಅದೊಂದೇ. ನಲವತ್ತೊಂದು ಹುಡುಗಿಯರು ತಮ್ಮ ಕಡೆ ಮುಖ ಮಾಡಿದ್ದರು, ಇವಳೊಬ್ಬಳು ತುದಿಗಾಲಲ್ಲಿ ಕುಕ್ಕರಿಸಿ ಕಾಂಪೌಂಡ್ ಗೋಡೆ ನೋಡುತ್ತಿದ್ದಳು. ತಾವು ಅವಳ ಬೆನ್ನ ಹಿಂದೆ ನಿಂತು ಮೂರು ಎಂದು ಬರೆದು ಮುಂದೆ ಹೋದಿರಿ. ಯಾರೋ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಿತ್ತಂತೆ. ಬೆನ್ನು ಮುಟ್ಟುತ್ತಾರೆ, ಎದ್ದು ಓಡಬೇಕು ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದಳಂತೆ. ತಾವು ಮುಟ್ಟಿದ್ದರೆ ಅಂದೇ ಗೊತ್ತಾಗುತ್ತಿತ್ತು ಚುರುಕು ಎಂದರೇನು ಎಂದು.

ಪಟ್ಟಿ ಅಂಟಿಸಿದ ಮೇಲೆ ಅಂಕ ನೋಡಿ ನಮ್ಮ ಅಕ್ಕ ತಮ್ಮ ಬಳಿ ಬಂದಳು. ಅಕ್ಕ ಯಾರೆದುರೂ ಬೇಡುವವಳಲ್ಲ, ಗದ್ದೆಗೆ ನೀರು ಬಿಡದಿದ್ದರೂ ಜಗಳ ಮಾಡಿ ಬಿಡಿಸಿಕೊಳ್ಳುವವಳು. ಅಂದು ಸೆರಗು ಹೊದ್ದು ನಿಂತು, “ಸಾ, ನಮ್ ಉಡ್ಗೀನ ಒಂದ್ ಸಲ ಓಡ್ಸಿ ನೋಡಿ ಸಾ. ಆಮ್ಯಾಕೆ ಬ್ಯಾಡ ಅನ್ನಿ, ಸುಮ್ನೆ ಒಂಟೋಯ್ತೀವಿ” ಎಂದಳು. ತಾವು ಕೋಪಿಸಿಕೊಳ್ಳಲಿಲ್ಲ. ನಗುತ್ತಲೇ, “ಇಪ್ಪತ್ತು ವರ್ಷದ ಅನುಭವ ಕಣಮ್ಮ ನಮ್ಮದು. ಮಗು ಕೂತಿರೋ ರೀತಿ ನೋಡಿದ್ರೇ ಗೊತ್ತಾಗುತ್ತೆ” ಎಂದಿರಿ. ಮುಂದಿನ ವರ್ಷ ಬನ್ನಿ ಎಂದೂ ಹೇಳಿದಿರಿ. ತಮ್ಮ ನಿಯಮದಂತೆ ಹದಿಮೂರು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಇವಳಿಗೆ ಬರುವ ಆಗಸ್ಟಿಗೆ ಹದಿಮೂರು ತುಂಬುತ್ತದೆ. ಮುಂದಿನ ವರ್ಷ ಎಂಬುದು ಇವಳ ಪಾಲಿಗೆ ಇಲ್ಲ.

ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಊರಿನ ಶಾಲೆಯಲ್ಲೇ ಓದುತ್ತಾಳೆ, ಕಣದಲ್ಲೇ ಆಡುತ್ತಾಳೆ ಎಂದು ಸುಮ್ಮನಾಗುತ್ತಿದ್ದೆ. ಆದದ್ದೇ ಬೇರೆ. ಅಂದಿನಿಂದ ನಾಗಶ್ರೀ ಬೆಳಿಗ್ಗೆ ಎದ್ದು ಕಾಲುವೆ ಏರಿಯ ಮೇಲೆ ಒಬ್ಬಳೇ ನೇರವಾಗಿ ಓಡುತ್ತಾಳೆ. ನನ್ನ ಕೈಗಡಿಯಾರ ಇಸಿದುಕೊಂಡು ಹೋಗಿ ತಾನೇ ಹೊತ್ತು ನೋಡಿಕೊಳ್ಳುತ್ತಾಳೆ. ನೇರ ಓಟ ಸುಧಾರಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕಳೆದ ಭಾನುವಾರ ಮುಳ್ಳೂರಿನ ಹುಡುಗಿಯರು ನಮ್ಮ ಕಣಕ್ಕೆ ಆಡಲು ಬಂದಿದ್ದರು. ನಾಗಶ್ರೀ ಅಂಕಣಕ್ಕಿಳಿದು ನೇರವಾಗಿ ಓಡಿದಳು. ನುಸುಳಲಿಲ್ಲ, ಭುಜ ತೋರಿಸಲಿಲ್ಲ. ನಲವತ್ತು ಸೆಕೆಂಡಿಗೆ ಔಟಾದಳು. ಅವಳನ್ನು ಮುಟ್ಟಿದ ಹುಡುಗಿಗೇ ನಂಬಿಕೆ ಬರದೆ ತನ್ನ ಕೈ ನೋಡಿಕೊಂಡಳು.

ಆಮೇಲೆ ಕಣದ ಅಂಚಿನಲ್ಲಿ ಅವಳ ಪಕ್ಕ ಕೂತು, ನಿನ್ನ ತಿರುವು ಎಲ್ಲಿ ಹೋಯಿತು, ಯಾಕೆ ನುಸುಳಲಿಲ್ಲ ಎಂದು ಕೇಳಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. “ನಾನು ಚುರುಕಿಲ್ವಂತೆ ಕಣ್ ಮಾವ. ದೊಡ್ಡೋರೇ ನೋಡಿ ಬರ್ದವ್ರೆ. ನಂಗ್ ಬರ್ದೆ ಇರೋದ್ನ ಮಾಡಕೋಗಿ ಯಾಕ್ ಬೀಳ್ಲಿ?” ಎಂದಳು. ನೀನು ಚುರುಕು ಎಂದು ಐದು ವರ್ಷದಿಂದ ನಾನು ಹೇಳಿಕೊಂಡೇ ಬಂದಿದ್ದೇನೆ ಮಾನ್ಯರೇ. ಮಾವ ಹೇಳಿದ್ದು ಪ್ರೀತಿಗೆ, ಸಾಹೇಬರು ಬರೆದದ್ದು ಸತ್ಯ ಎಂದು ಆ ಮಗು ತೀರ್ಮಾನ ಮಾಡಿಕೊಂಡಿದೆ.

ಈಗ ನನ್ನ ಬೇಡಿಕೆ. ಜೂನ್ ಒಂದಕ್ಕೆ ಶಾಲೆ ತೆರೆಯುತ್ತದೆ. ಅಷ್ಟರೊಳಗೆ ಪೆಟ್ಟಿಗೆ ಹುಡುಕಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಇವಳೊಬ್ಬಳಿಗಲ್ಲ, ಅಂದು ಕೂತಿದ್ದ ನಲವತ್ತೆರಡು ಮಕ್ಕಳಿಗೂ ಮಾಡಿ. ಆಗ ಮೂರೇ ಬಂದರೆ ಈ ಕಾಗದ ಅಚ್ಚಾಗುವ ಪತ್ರಿಕೆಯಲ್ಲೇ ತಮ್ಮ ಕ್ಷಮೆ ಕೇಳುತ್ತೇನೆ. ಅದಕ್ಕೆ ಬಿಡುವಿಲ್ಲ, ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ, ಇನ್ನು ಏನೂ ಮಾಡುವಂತಿಲ್ಲ ಎಂದು ತಾವು ಹೇಳಬಹುದು. ಹಾಗಾದರೆ ಸೀಟಿನ ಆಸೆ ಬಿಡುತ್ತೇನೆ. ಒಂದೇ ಒಂದು ಸಾಲಿನ ಕಾಗದ ಬರೆದುಕೊಡಿ: ‘ನಾಗಶ್ರೀ ಎಂಬ ಬಾಲಕಿಯ ಚುರುಕುತನವನ್ನು ನಾವು ಪರೀಕ್ಷಿಸಿರುವುದಿಲ್ಲ.’ ಕೆಳಗೆ ತಮ್ಮ ಸಹಿ ಇರಲಿ, ಸೀಲು ಸ್ಪಷ್ಟವಾಗಿ ಬೀಳಲಿ. ಇದರಲ್ಲಿ ಹೊಗಳಿಕೆ ಇಲ್ಲ, ಉಪಕಾರ ಇಲ್ಲ, ನಡೆದದ್ದು ಅಷ್ಟೇ ಇದೆ.

ಆ ಕಾಗದವನ್ನು ಕಚೇರಿಗೂ ಕೊಂಡೊಯ್ಯುವುದಿಲ್ಲ, ಕೋರ್ಟಿಗೂ ಕೊಂಡೊಯ್ಯುವುದಿಲ್ಲ. ತಂದು ಅವಳ ಕೈಗೆ ಕೊಡುತ್ತೇನೆ. ಅವಳಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ.

ಇಂತಿ,
ಶಿಷ್ಯೆಯೇ ನಂಬದ ಮೇಷ್ಟ್ರು
ಚಿಕ್ಕಮಾದಪ್ಪ