ಫ್ಯಾನ್ ಆರಿಸಿದ ಮಧ್ಯಾಹ್ನ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಳುಮುಂಜಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಹೊರಟೆ, ಪೆನ್ನು ನಿಂತುಬಿಟ್ಟಿತು. ನಿನ್ನ ಭಾವ ಕ್ಷೇಮ. ಗೋಡೆಯ ಮೇಲಿನ ಹಲ್ಲಿ ಕ್ಷೇಮ. ನನ್ನ ವಿಷಯ ನಿನಗೆ ಗೊತ್ತೇ ಇದೆ. ಡಾಕ್ಟರು ಈಗ ತಿಂಗಳುಗಳ ಮಾತು ಬಿಟ್ಟು ವಾರಗಳ ಮಾತಿಗೆ ಇಳಿದಿದ್ದಾರೆ, ಅದೂ ನನ್ನ ಮುಖ ನೋಡದೆ. ಈ ಶ್ವಾಸಕೋಶ ಹೊತ್ತುಕೊಂಡು ಸಾಕಾಗಿದೆ ಕಣೆ. ಎರಡು ಸಾಲು ಬರೆದರೆ ದಿಂಬಿಗೆ ಒರಗಬೇಕು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ನಿನ್ನ ಸಿನಿಮಾ ನೋಡಿದೆ. ಬೇಡ ಅಂತ ನಿನ್ನ ಭಾವ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಸಾಯುವವಳ ಪಾತ್ರವನ್ನು ಸಾಯುವವಳೇ ನೋಡದಿದ್ದರೆ ಇನ್ಯಾರು ನೋಡಬೇಕು ಅಂದೆ. ಪಾಪ, ಟ್ಯಾಕ್ಸಿ ಕರೆದರು. ಕೆಮ್ಮು ಬಂದರೆ ಎದ್ದುಹೋಗಲಿಕ್ಕೆಂದು ಕೊನೆಯ ಸಾಲಿನ ತುದಿಯಲ್ಲಿ ಕೂತೆವು.

ಮೊದಲು ಕೊಂಕು ತೆಗೆಯುತ್ತೇನೆ, ಅಕ್ಕನ ಹಕ್ಕು. ನಿನ್ನ ಪಾತ್ರದವಳ ಕಿಟಕಿಯಾಚೆ ಸಮುದ್ರ ಯಾಕೆ ಬೇಕಿತ್ತು? ನನ್ನ ಕಿಟಕಿಯಿಂದ ಕಾಣುವುದು ಎದುರುಮನೆಯ ನೀರಿನ ಟ್ಯಾಂಕು. ಅಷ್ಟುದ್ದದ ಮಾತು ಬೇರೆ! ನನಗೆ ಅಷ್ಟು ಉಸಿರಿದ್ದಿದ್ದರೆ ನಿನ್ನ ಮನೆ ತನಕ ನಡೆದುಬಂದು ಬೈದು ಹೋಗುತ್ತಿದ್ದೆ. ಆಮೇಲೆ ಆ ಲೋಟ ಎಸೆಯುವುದು. ಸಿಟ್ಟು ಮೊದಮೊದಲು ಬರುತ್ತದೆ ನಿಜ. ಈಗಂತೂ ಲೋಟ ಎಸೆದರೆ ಚೂರು ಗುಡಿಸುವವರು ಯಾರು ಅನ್ನಿಸುತ್ತದೆ.

ಆದರೆ ಬೀರುವಿನ ದೃಶ್ಯ ಇದೆಯಲ್ಲ. ನೆಂಟರು ಹೊರಗೆ ಕೂತಿರುತ್ತಾರೆ, ಅವಳು ಏನೋ ಹುಡುಕುವವಳ ಹಾಗೆ ಬೀರು ತೆರೆದು, ಬಾಗಿಲ ಹಿಂದೆ ಹಣೆ ಆನಿಸಿ ನಿಲ್ಲುತ್ತಾಳೆ. ಮಾತಿಲ್ಲ, ಅಳುವಿಲ್ಲ. ಆಮೇಲೆ ಒಂದು ಟವೆಲ್ ಹಿಡಿದುಕೊಂಡು ನಗುತ್ತಾ ಹೊರಗೆ ಬರುತ್ತಾಳೆ. ಅದು ನಾನೇ. ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ಯಾವಾಗ ನೋಡಿದೆಯೇ ನೀನು? ಅಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ನನ್ನನ್ನು ಇಷ್ಟು ಸರಿಯಾಗಿ ಯಾರೋ ಒಬ್ಬರು ನೋಡಿದ್ದಾರಲ್ಲ ಅಂತ ಸಮಾಧಾನವೂ ಆಯಿತು.

ಇನ್ನು ಕೊನೆಯ ದೃಶ್ಯ. ಪರದೆಯೆಲ್ಲ ಕತ್ತಲೆ, ಬರೀ ಉಸಿರಾಟದ ಸದ್ದು. ಎಳೆದೆಳೆದು ಒಳಗೆ ಹೋಗುತ್ತದೆ, ನಿಂತೇಹೋಯಿತೇನೋ ಅನ್ನುವಷ್ಟು ಹೊತ್ತು ನಿಲ್ಲುತ್ತದೆ, ಆಮೇಲೆ ಸಣ್ಣ ಸೀಟಿಯೊಂದಿಗೆ ಹೊರಗೆ ಬರುತ್ತದೆ. ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿದಿತ್ತು. ನಿನ್ನ ಭಾವ ನನ್ನ ಕೈ ಹಿಸುಕಿ, ಇದು ನಿಂದು ಕಣೆ, ನಿನ್ನ ಉಸಿರು ಅಂದರು. ದಿನಾ ಪಕ್ಕದಲ್ಲಿ ಮಲಗಿ ಆ ಸೀಟಿ ಕೇಳಿಸಿಕೊಳ್ಳುವವರಿಗೆ ಗೊತ್ತಾಗದೆ ಇರುತ್ತದೆಯೇ? ಡಬ್ಬಿಂಗ್ ಕೋಣೆಯಲ್ಲಿ ಉಸಿರೊಂದು ಬರ್ತಿಲ್ಲ ಅಕ್ಕ, ಓಡಿಬಂದವಳ ಏದುಸಿರಾಗ್ತಿದೆ ಅಂತ ನೀನು ನಮ್ಮ ಅಡುಗೆಮನೆಯಲ್ಲಿ ಅತ್ತಿದ್ದು ಅವರಿಗೂ ನೆನಪಿತ್ತು.

ಮರುದಿನ ಪೇಪರಿನಲ್ಲಿ ಅದನ್ನೇ ಹೊಗಳಿದ್ದರು. ಆ ಉಸಿರೇ ನಿನ್ನ ಅಭಿನಯದ ಶಿಖರವಂತೆ, ಆ ನಿಲುಗಡೆಗೆ ಎದೆ ಝಲ್ಲೆನ್ನುತ್ತದಂತೆ. ನಿನ್ನ ಭಾವ ಪೇಪರು ಮಡಚಿ ಮೂಲೆಗೆ ಎಸೆದರು. ಕೇಳದೆ ತಗೊಂಡ್ರೆ ಅದಕ್ಕೆ ಕಳ್ಳತನ ಅಂತಾರೆ, ಅವಳು ಈ ಮನೆಗೆ ಬರೋದೇ ಬೇಡ ಅಂದರು.

ನೀನೂ ಸಿನಿಮಾ ಬಿಡುಗಡೆಯಾದಾಗಿನಿಂದ ಈ ಕಡೆ ತಲೆ ಹಾಕಿಲ್ಲ. ಹಣ್ಣಿನ ಬುಟ್ಟಿ ಕಳಿಸುತ್ತೀಯ. ಫೋನ್ ಮಾಡಿದರೆ ಶೂಟಿಂಗು ಅನ್ನುತ್ತೀಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಿದೆ ನಿನ್ನ ಕಥೆ. ಅಕ್ಕನಿಗೆ ಯಾವ ಮುಖ ತೋರಿಸಲಿ ಅಂತ ತಾನೆ? ಇದೇ ಮುಖ ತೋರಿಸು, ಊರೆಲ್ಲ ದುಡ್ಡು ಕೊಟ್ಟು ನೋಡುತ್ತಿದೆ, ನನಗೆ ಮಾತ್ರ ಯಾಕಿಲ್ಲ?

ಬಾರೇ. ಪಾತ್ರಕ್ಕೆ ಅಂತ ನನ್ನನ್ನು ನೋಡಿ ಕಲಿಯುವುದು ಇನ್ನೇನೂ ಉಳಿದಿಲ್ಲ. ಸುಮ್ಮನೆ ಪಕ್ಕದಲ್ಲಿ ಬಿದ್ದುಕೋ, ಚಿಕ್ಕಂದಿನ ಹಾಗೆ ಹೊದಿಕೆಯನ್ನೆಲ್ಲ ನಿನ್ನ ಕಡೆಗೇ ಎಳೆದುಕೋ. ನೀನು ಬರದೆ ನಾನು ಹೋದರೆ ನಿನಗೆ ಜನ್ಮವಿಡೀ ಆ ಸೀಟಿಯೇ ಕೇಳಿಸುತ್ತದೆ, ನನಗೆ ಅದೊಂದೇ ಹೆದರಿಕೆ. ಕೈ ಸೋತಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ದಾರಿ ಕಾಯುತ್ತಿರುವ
ಅಕ್ಕ

ಬರೆಯಲೋ ಬೇಡವೋ ಅಂತ ಬಿಟ್ಟಿದ್ದೆ, ಬರೆದೇಬಿಡುತ್ತೇನೆ: ನೀನು ನನ್ನ ಕೋಣೆಗೆ ಬಂದ ಆ ಮಧ್ಯಾಹ್ನ ನನಗೆ ನಿದ್ದೆ ಬಂದಿರಲಿಲ್ಲ. ಅಂಥ ಸೆಕೆಯಲ್ಲಿ ರೋಗಿಯ ತಲೆಮೇಲಿನ ಫ್ಯಾನ್ ಯಾರಾದರೂ ಆರಿಸುತ್ತಾರೇನೇ, ದಡ್ಡಿ? ನೀನು ಕಿಟಕಿ ಮುಚ್ಚಿದ್ದು, ಟಿಕ್ ಟಿಕ್ ಅನ್ನುವ ಗಡಿಯಾರವನ್ನು ಆಚೆ ಇಟ್ಟುಬಂದಿದ್ದು, ಫೋನನ್ನು ರೆಕಾರ್ಡಿಗೆ ಹಾಕಿ ನನ್ನ ದಿಂಬಿನ ಹತ್ತಿರ ಇಟ್ಟಿದ್ದು, ಎಲ್ಲ ಕಣ್ಣಂಚಿನಲ್ಲಿ ಕಂಡಿತು. ತಂಗಿಯ ಪಾತ್ರ ಕೆಡಬಾರದು ಅಂತ ನಾನೂ ಉಸಿರನ್ನು ಸ್ವಲ್ಪ ಜೋರಾಗಿಯೇ ಎಳೆದೆ. ಪೇಪರಿನವರು ಹೊಗಳಿದ ಆ ನಿಲುಗಡೆ ಕಾಯಿಲೆಯದ್ದಲ್ಲ, ನಾನು ಬೇಕೆಂದೇ ಉಸಿರು ಕಟ್ಟಿದ್ದು. ನಿನ್ನ ಭಾವನಿಗೆ ಹೇಳಿ ನೋಡಿದೆ, ತಂಗಿಯನ್ನು ಉಳಿಸೋಕೆ ಕಥೆ ಕಟ್ತೀಯ ಅಂದರು. ನೀನು ಬಂದರೆ ಅವರೆದುರು ಇನ್ನೊಮ್ಮೆ ಮಾಡಿ ತೋರಿಸುತ್ತೇನೆ. ಅಷ್ಟು ಉಸಿರು ಇರುವಾಗಲೇ ಬಾ.