ಡಾಟ್ ಮನೆಯಲ್ಲಿಲ್ಲದ ದಿನ

ಜನವರಿ 6, ಬೆಳಗ್ಗೆ

ಮತ್ತೆ ನೀರು ತುಂಬಿಸದೆ ಪಂಪಿನ ಹಗ್ಗ ಎಳೆಯಲು ಹೊರಟಿದ್ದ ಕ್ಲೆಮ್. ಒಣಗಿದ ಹೊಟ್ಟೆಯಲ್ಲಿ ಓಡಿಸಿದರೆ ಸೀಲು ಸುಟ್ಟುಹೋಗುತ್ತದೆ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. "ನಿಂಗೆ ಮಾತ್ರ ಎದ್ದ ಕೂಡ್ಲೇ ಟೀ ಬೇಕು, ಅದಕ್ಕೆ ಬೇಡ್ವಾ?" ಅಂದೆ. ನಕ್ಕ. ತುಂಬಿಸಿದ.

ಪಂಪಿಗೆ ಡಾಟ್ ಎಂದು ಹೆಸರಿಟ್ಟವನು ಅವನೇ. ಅವನ ಚಿಕ್ಕಮ್ಮನ ಹೆಸರು. ಗಿಡ್ಡ, ಕೆಂಪು ಮೈ, ಶುರು ಮಾಡಿದರೆ ಬಾಯಿ ಮುಚ್ಚುವುದಿಲ್ಲ. ಆದರೆ ಕೆಲಸ! ಬೆಳಗ್ಗೆ ಕಟ್ಟೆಯಿಂದ ಕುರಿಗಳ ತೊಟ್ಟಿಗೆ ನೀರು. ಮಧ್ಯಾಹ್ನ ತರಕಾರಿಗೆ. ಸಂಜೆ ದೊಡ್ಡಿ ತೊಳೆಯಲು. ಇಟ್ಟಲ್ಲಿ ದುಡಿಯುತ್ತಾಳೆ, ಕೇಳುವುದು ಒಂದಿಷ್ಟು ಪೆಟ್ರೋಲು. ಕ್ಲೆಮ್‌ಗಿಂತ ಇವಳ ಮೇಲೇ ನನಗೆ ಪ್ರೀತಿ ಜಾಸ್ತಿ... ಬರೆದೇಬಿಟ್ಟೆ. ಯಾರು ಓದುತ್ತಾರೆ.

ಜನವರಿ 9

ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಪಕ್ಕದ ವರ್ನನ್‌ನ ಬೋರ್‌ವೆಲ್ ಮೋಟಾರು ಸುಟ್ಟಿದೆ. ದನಗಳು ಬಾಯಾರಿ ಅರಚುವುದು ಇಲ್ಲಿಗೆ ಕೇಳುತ್ತಿದೆ. ತೊರೆಯಲ್ಲಿ ನೀರಿದೆ, ಮೇಲೆತ್ತಲು ಏನೂ ಇಲ್ಲ. ಪಾಪ, ನಿಜ. ಆದರೆ ನಾಳೆ ಕಾಳ್ಗಿಚ್ಚು ಹಬ್ಬುವ ಅಪಾಯದ ದಿನ — ಮೆಲ್ಬೋರ್ನ್ ರೇಡಿಯೋ ಬೆಳಗ್ಗೆಯಿಂದ ಬಡಿದುಕೊಳ್ಳುತ್ತಿದೆ. ಅಂಥ ದಿನ ಪಂಪು ಟ್ಯಾಂಕಿಗೆ ಪೈಪು ಜೋಡಿಸಿಕೊಂಡು ಮನೆ ಮುಂದಿರಬೇಕು. ಈ ಕಡೆ ಪಿಕಪ್ಪನ್ನೇ ಸಾಲ ಕೊಟ್ಟಾರು, ಬೆಂಕಿ ದಿನ ಪಂಪು ಕೊಡರು. ಕೇಳುವುದೂ ಇಲ್ಲ. ವರ್ನನ್ ಕೇಳಲೂ ಇಲ್ಲ. ಈ ಮಹರಾಯ ಕ್ಲೆಮ್ ತಾನಾಗಿ ಕೊಟ್ಟು ಬಂದ.

"ಮನೆ ಹತ್ಕೊಂಡ್ರೆ ಉಗುಳಿ ಆರಿಸ್ತೀಯಾ?"

"ಒಂದ್ ರಾತ್ರಿ ಕಣೇ ಉನಾ. ಬೆಳಗ್ಗೆ ತಂದ್ಬಿಡ್ತಾನೆ."

ಮಾತು ಬಿಟ್ಟಿದ್ದೇನೆ.

ಜನವರಿ 10, ಮಧ್ಯಾಹ್ನ

ಕ್ಲೆಮ್ ಬೆಳಗ್ಗೆಯೇ ಊರಿನ ಅಗ್ನಿಶಾಮಕ ಲಾರಿ ಹತ್ತಿ ಹೋದ. ಉತ್ತರದ ಬಿಸಿಗಾಳಿ. ಗುಡ್ಡದ ಹಿಂದೆ ಹೊಗೆ. ನಾನೊಬ್ಬಳೇ, ಕೈಯಲ್ಲಿ ಬಕೆಟ್ಟು. ವರ್ನನ್‌ಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ — ಅವನ ಪಿಕಪ್ಪು ಬೇಲಿ ಮುರಿದುಕೊಂಡೇ ಒಳಗೆ ನುಗ್ಗಿತು. ಗೇಟು ತೆಗೆಯಲು ಪುರುಸೊತ್ತಿಲ್ಲ.

"ತೊಟ್ಟಿ ಅರ್ಧ ಆಗಿತ್ತು. ಪಿಕಪ್ ಮೇಲೇ ಇಟ್ಟು ಓಡಿಸ್ತಿದ್ದೆ, ಹೊಗೆ ನೋಡಿ ಪೈಪು ಕಿತ್ಕೊಂಡು ಬಂದೆ. ಬಾಯಿ ಬಿಟ್ಕೊಂಡು ನಿಂತ್ಕೋಬೇಡ, ಹಿಡಿಯಮ್ಮ ಆ ಕಡೆ!"

ಇಬ್ಬರೂ ಸೇರಿ ಟ್ಯಾಂಕಿನ ಪಕ್ಕ ಇಳಿಸಿದೆವು. ನೀರು ತುಂಬಿಸಿದೆ. ಹಗ್ಗಕ್ಕೆ ಒಂದೇ ಎಳೆತ. ಅಬ್ಬಾ, ಡಾಟ್ ಗುಡುಗಿದ ಸದ್ದು! ಸೂರು, ಜಗಲಿ, ಒಣಹುಲ್ಲು — ಎಲ್ಲಕ್ಕೂ ಹೊಡೆದೆವು. ಬೆಂಕಿ ದೊಡ್ಡಿಯ ಬೇಲಿವರೆಗೆ ಬಂತು. ಅಲ್ಲೇ ಸತ್ತಿತು.

ಮನೆ ಉಳಿಯಿತು. ಡಾಟ್‌ಗೆ ಮುತ್ತು ಕೊಟ್ಟೆ, ತುಟಿ ಚುರ್ ಎಂದಿತು. ವರ್ನನ್ ಬಿದ್ದು ಬಿದ್ದು ನಕ್ಕ.

ಸಂಜೆ

ಗಾಳಿ ತಿರುಗಿದೆ. ಈಗ ನೈಋತ್ಯದಿಂದ. ಬೆಂಕಿ ವರ್ನನ್ ಮನೆ ಕಡೆ ಹೊರಟಿದೆ.

ನಮ್ಮ ದೊಡ್ಡಿಯಾಚೆ ಮರದ ಬೊಡ್ಡೆಗಳು ಇನ್ನೂ ಕೆಂಡ. ಒಂದು ಕಿಡಿ ಸಾಕು. ಕ್ಲೆಮ್‌ಗೆ ಫೋನ್ ಹೋಗುತ್ತಿಲ್ಲ. ಹೆದರಿಕೆಯಾಗುತ್ತಿದೆ. ಕೈ ಸುಮ್ಮನಿರಲಾರದೆ ಗೀಚುತ್ತಿದ್ದೇನೆ.

ವರ್ನನ್ ಪಂಪು ಕೊಡು ಎಂದು ಕೇಳುತ್ತಿಲ್ಲ. ಕೇಳುವುದಿಲ್ಲ. ಡಾಟ್‌ನ ಮೈ ಸವರಿ, ಖಾಲಿ ಪಿಕಪ್ ಹತ್ತುತ್ತಿದ್ದಾನೆ. ಅಯ್ಯೋ, ಎಂಥ ಮನುಷ್ಯ!

ಕಿಟಕಿಯಿಂದಲೇ ಕೂಗಿದೆ, "ನಿಲ್ಲೋ! ಒಬ್ನೇ ಹೇಗೋ ಎತ್ತೀಯ ಅವಳನ್ನ?"

ನಾನೇ ಕೊಟ್ಟೆ ಅಂತ ಗೊತ್ತಾದರೆ ಕ್ಲೆಮ್ ನಗುತ್ತಾನೆ. ನಗಲಿ. ಡಾಟ್‌ಗೆ ಪೆಟ್ರೋಲು ತುಂಬಿಸಿ ನಾನೂ ವರ್ನನ್ ಜೊತೆ ಹೊರಟಿದ್ದೇನೆ.